ಗೋವಿನಜೋಳದೊಳಗಿನ ಹರಹರ

ಬಿತ್ತನೆಗೆಂದು ಶೇಂಗಾ ಒಡೆಯುತ್ತ ಕುಳಿತಿದ್ದೆ. ಮುಂದೆ ಮೊರ, ಎಡಕ್ಕೆ ಕಾಯಿಯ ಚೀಲ, ಬಲಕ್ಕೆ ಎರಡು ಬುಟ್ಟಿ. ಗಟ್ಟಿ ಕಾಳು ಬೀಜದ ಬುಟ್ಟಿಗೆ, ಸೊರಗಿದ್ದು ಗಾಣದ ಬುಟ್ಟಿಗೆ. ಮಿರಗದ ಮಳೆ ಇನ್ನೂ ಬಿದ್ದಿರಲಿಲ್ಲ, ಆದರೆ ಗಾಳಿ ತಿರುಗಿತ್ತು. ಮೂಡಲಗಿ ಸಂತೆಯಲ್ಲಿ ಬೆಣ್ಣೆ ಮಾರಿ ಬಂದ ಗುಡ್ಡದ ಕಡೆಯ ಕಾಶವ್ವ ಖಾಲಿ ಗಡಿಗೆಯನ್ನು ಕಟ್ಟೆಯ ಮೇಲಿಟ್ಟು ನೀರು ಕೇಳಿದಳು. ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ಸುದ್ದಿ ಬಿಚ್ಚಿದಳು.

"ಕೇಳಿದ್ರೇನ್ರಿ ಅಕ್ಕಾರ? ಯಮಕನಮರಡಿ ಕಡೆ ಒಬ್ಬಾಂವಗ ಗುಂಡ ಹತ್ತೇತಂತ. ಸಂತ್ಯಾಗ ಗಾಡಿಯವ್ರು ಮಾತಾಡಾಕತ್ತಿದ್ರು. ಹಂದಿ ಬ್ಯಾಟಿಗೆ ಹೋಗಿದ್ರಂತ. ಕಬ್ಬಿನಾಗ ಏನೋ ಅಲುಗ್ಯಾಡಿದ್ದ ನೋಡಿ, ಹಂದೀನs ಅಂತ ತಿಳದು ಹೊಡದಾರ. ಹೋಗಿ ನೋಡಿದ್ರ ತಮ್ಮ ಜೋಡಿ ಬಂದಾಂವನs."

"ಜೀವಕ್ಕ?" ಅಂದೆ.

"ತೊಡಿಗೆ ಹತ್ತೇತಿ. ಗಾಡ್ಯಾಗ ಹಾಕ್ಕೊಂಡು ದವಾಖಾನಿಗೆ ಒಯ್ದಾರ. ಉಳಿತಾನ ಅಂದ್ರು."

ಅಷ್ಟಾದರೂ ಶಿವ ಕಣ್ಣು ತೆರೆದಿದ್ದ. ಒಂದು ಕಾಯಿ ಒಡೆದು ಕಾಳನ್ನು ಬೀಜದ ಬುಟ್ಟಿಗೆ ಹಾಕಿದೆ. ಆಮೇಲೆ ಬಾಯಿಗೆ ತಾನಾಗಿ ಬಂತು: "ಹೊಡಿಯೂ ಮುಂಚೆ ಕರದಿದ್ರೇನ?"

"ಕರದಾರಂತ. 'ಏ, ಯಾರದು' ಅಂತ ಒದರ್ಯಾರ. ಇಂವ ಓ ಅಂದಿಲ್ಲ. ದೀಪ ಹಚ್ಚೂ ಹೊತ್ತಿನ್ಯಾಗ ಕರದ್ರ ಯಾರ್ ಓ ಅಂತಾರ್ರಿ ಅಕ್ಕಾರ? ನಾನರ ಅಂದೇನೇನು?"

ಮುಂದಿನ ಕಾಯಿ ನನ್ನ ಬೆರಳ ನಡುವೆ ಹಾಗೆಯೇ ಉಳಿಯಿತು. ತುಕ್ಕಾನಟ್ಟಿಯ ನನ್ನ ತಮ್ಮನ ಅಂಗಳದಲ್ಲಿ ಕುಳಿತಿದ್ದ ನನಗೆ ಎಲ್ಲಿಂದಲೋ ಸುಟ್ಟ ಮದ್ದಿನ ವಾಸನೆ ಬಂದಂತಾಯಿತು. ಅದರ ಹಿಂದೆಯೇ ಹಸಿ ಗೋವಿನಜೋಳದ ವಾಸನೆ.

"ಕೂಡು ಕಾಶವ್ವ," ಅಂದೆ. "ಒಂದ ಮಾತ ಹೇಳೂದೈತಿ. ಕೇಳಿ ಹೋಗು."

ನಮ್ಮ ಕಡೆಯ ಒಂದು ನಂಬಿಕೆಯನ್ನು ಇಲ್ಲಿ ಹೇಳಬೇಕು. ಮುಸ್ಸಂಜೆಯ ಮೇಲೆ ಹೊರಗಿನಿಂದ ಯಾರಾದರೂ ಕರೆದರೆ ಮೊದಲನೆಯ ಕರೆಗೆ ಓ ಅನ್ನುವುದಿಲ್ಲ, ಎರಡನೆಯದಕ್ಕೂ ಇಲ್ಲ. ಮೂರನೆಯ ಸಲ ಕರೆದರೆ ಮಾತ್ರ ಅದು ಮನುಷ್ಯ. ದೆವ್ವಕ್ಕೆ ಮೂರು ಸಲ ಕರೆಯಲು ಬರುವುದಿಲ್ಲವಂತೆ. ಅದು ನಮ್ಮವರದೇ ದನಿ ತೆಗೆದು ಕರೆಯುತ್ತದಂತೆ, ಓ ಅಂದವರ ಉಸಿರು ಹಿಡಿದುಕೊಂಡು ಹೋಗುತ್ತದಂತೆ. ಮಠದ ಅಯ್ಯನವರು, "ಲಿಂಗ ಕಟ್ಟಿದವರಿಗೆ ದೆವ್ವ ಎಲ್ಲಿಂದ ಬಂತವ್ವ" ಎಂದು ನಗುತ್ತಿದ್ದರು. ನಾವೂ ಕೈ ಮುಗಿದು ಹೌದೆನ್ನುತ್ತಿದ್ದೆವು. ಸಂಜೆಯಾದರೆ ಮತ್ತೆ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆವು.

ದೊಡ್ಡ ಯುದ್ಧ ಶುರುವಾಗುವ ಮೊದಲಿನ ವರ್ಷ ಅದು. ನಾನು ಮೇಲವಂಕಿಯ ಸೊಸೆ. ಮಗಳು ಇನ್ನೂ ತೊಟ್ಟಿಲಲ್ಲಿದ್ದಳು. ಊರಿನಿಂದ ಆಚೆ, ಹೊಲದ ದಂಡೆಯಲ್ಲೇ ನಮ್ಮ ಮನೆ. ಮನೆಯಲ್ಲಿ ನಮ್ಮ ಅತ್ತೆ ನೀಲವ್ವ, ನಮ್ಮ ಮನೆಯವರು, ನಾನು. ಮನೆಯವರ ಹೆಸರನ್ನು ಬರೆಯಲು ಈಗಲೂ ಕೈ ಬಾರದು. ಅತ್ತೆ ಅವರನ್ನು 'ಈರಾ' ಎಂದು ಕರೆಯುತ್ತಿದ್ದರು, ಅಷ್ಟು ಸಾಕು.

ಆ ವರ್ಷ ಉತ್ತರಿ ಮಳೆ ಕೈಬಿಡದೆ ಹೊಯ್ದಿತು. ಗೋವಿನಜೋಳ ಆಳೆತ್ತರ ಮೀರಿ ಎದ್ದು ನಿಂತಿತು. ಹೊಲದೊಳಗೆ ಹೋದವರು ಬದುವಿಗೆ ಬರುವ ತನಕ ಕಾಣುತ್ತಿರಲಿಲ್ಲ. ತೆನೆಯಲ್ಲಿ ಹಾಲು ತುಂಬುತ್ತಿದ್ದಂತೆ ಗುಡ್ಡದ ಹಂದಿಗಳಿಗೆ ಹೇಗೋ ತಿಳಿಯಿತು. ಹಿಂಡಾಗಿ ಹಳ್ಳ ದಾಟಿ ಬಂದು, ತಿಂದದ್ದಕ್ಕಿಂತ ಹೆಚ್ಚು ಮುರಿದು ಹೋಗತೊಡಗಿದವು. ಬಾಜೂ ಹೊಲದವರ ಶೇಂಗಾವನ್ನು ನೇಗಿಲು ಹೊಡೆದಂತೆ ಉತ್ತು ಹಾಕಿದ್ದವು. ನಮ್ಮ ನಾಯಿ ಅಡ್ಡ ಹೋಗಿ ಹೊಟ್ಟೆ ಸೀಳಿಸಿಕೊಂಡು ಬಂತು. ಅದರ ಗಾಯಕ್ಕೆ ಅರಿಷಿಣ ಹಚ್ಚಿ ಕಟ್ಟಿದವರು ಅತ್ತೆಯೇ, ಅಯ್ಯೋ ಅಂತ ಅತ್ತವರೂ ಅವರೇ. ಆದರೂ ಗೋಡೆಯ ಮೇಲಿದ್ದ ಬಂದೂಕನ್ನು ಮಗ ಇಳಿಸಿದಾಗ ಮುಖ ತಿರುಗಿಸಿಕೊಂಡರು.

"ಕೊಂದ ಪಾಪ ತಿಂದ್ರ ಪರಿಹಾರ ಅಂತಾರ. ನಾವು ತಿನ್ನೂ ಮಂದಿ ಅಲ್ಲ. ಮತ್ತ ನಮ್ಮ ಪಾಪ ಎಲ್ಲಿ ಹೋಗಿ ಕರಗಬೇಕೋ ಈರಾ?"

"ತಿನ್ನೂದು ಬ್ಯಾಡರ ಎಲ್ಲಪ್ಪನ ಓಣಿಗೆ ಬಿಟ್ಟೇನವಾ. ಅವರ ತಿಂದ್ರ ನನಗೂ ಅರ್ಧಾ ಪರಿಹಾರ ಆಗ್ತೈತಿ."

"ನಗಬ್ಯಾಡ. ನಿಮ್ಮಪ್ಪ ಬಂದೂಕ ತಂದ, ಒಂದ ಹಂದಿನೂ ಹೊಡಿಲಿಲ್ಲ. ಬರೇ ಗೋಡೆಗೆ ತೂಗ ಹಾಕಿ ಮೀಸಿ ತಿರುವಿದ."

ಅದು ನಮ್ಮ ಮಾವನವರ ಕಾಲದ ಕೇಪಿನ ಬಂದೂಕು. ಗೋಕಾಕದ ಮಾಮಲೇದಾರ ಕಚೇರಿಯ ಪರವಾನಿಗೆ ಇತ್ತು. ನಳಿಗೆಯ ಬಾಯಿಂದ ಮದ್ದು ಸುರಿದು, ಛರ್ರಾ ಎಂಬ ಸೀಸದ ಸಣ್ಣ ಗುಂಡು ಹಾಕಿ, ಗಜದಿಂದ ಜಡಿದು, ಕೊನೆಗೆ ಹಿಂದಿನ ಮೊಳೆಯ ಮೇಲೆ ಗುಬ್ಬಿಗಣ್ಣಿನಷ್ಟು ಕೇಪು ಕೂರಿಸಬೇಕು. ಮೇಲಿನ ಕುದುರೆ ಆ ಕೇಪಿನ ಮೇಲೆ ಬಿದ್ದರೆ ಬಂದೂಕು ಹಾರುತ್ತದೆ. ಕೇಪು ಇಲ್ಲದಿದ್ದರೆ ಅದು ಒಲೆ ಊದುವ ಕೊಳವೆ ಇದ್ದಂತೆ. ಅದಕ್ಕೇ ಬಂದೂಕು ಪಡಸಾಲೆಯ ಎತ್ತರದ ಗೂಟದ ಮೇಲೆ, ಕೇಪಿನ ಡಬ್ಬಿ ಒಳಗೆ ನನ್ನ ಸೀರೆಯ ಟ್ರಂಕಿನಲ್ಲಿ. ಎರಡೂ ಒಂದೆಡೆ ಇರಕೂಡದು ಎಂದು ನಮ್ಮ ಮನೆಯವರೇ ಮಾಡಿದ ಕಟ್ಟು.

ಆಗಿನ ಕಾಲ ಹೇಗಿತ್ತೆಂದರೆ, ಅತ್ತೆಯ ಮುಂದೆ ಗಂಡನ ಜೊತೆ ಮಾತಾಡುವಂತಿರಲಿಲ್ಲ. ಏನಾದರೂ ಹೇಳುವುದಿದ್ದರೆ ತೊಟ್ಟಿಲ ಕೂಸಿಗೆ ಹೇಳಬೇಕು, ಇಲ್ಲವೇ ಬೆಕ್ಕಿಗೆ ಹೇಳಬೇಕು. ಸಂಜೆ ಹೊಲಕ್ಕೆ ಹೊರಡುವಾಗ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಅಂಗೈ ಚಾಚುತ್ತಿದ್ದರು. ನಾನು ಕೇಪುಗಳನ್ನು ಆ ಅಂಗೈಯಲ್ಲಿ ಇಡುತ್ತಿದ್ದೆ. ಮರಳಿ ಬಂದಾಗ ಉಳಿದವು ನನ್ನ ಕೈಗೆ ಬರುತ್ತಿದ್ದವು, ಅವರ ಮೈಯ ಬಿಸಿ ಹಿಡಿದುಕೊಂಡೇ. ದಿನಕ್ಕೆ ನಮ್ಮಿಬ್ಬರ ನಡುವೆ ಹಗಲಿನಲ್ಲಿ ಆಗುತ್ತಿದ್ದ ಸಂಸಾರ ಅಷ್ಟೇ. ಅದೂ ಒಂದು ಕರುಣೆಯೇ ಅಂತ ಎಣಿಸಿಕೊಳ್ಳುತ್ತಿದ್ದೆ.

ಅವರ ಜೊತೆಗಾರ ಬೇಡರ ಎಲ್ಲಪ್ಪ. ಬೇಟೆಯಲ್ಲೇ ಹುಟ್ಟಿ ಬೆಳೆದವನು, ಮಾತು ಮಾತ್ರ ಬಾಯಿ ತುಂಬ. "ಸಾವಕಾರ್ರ, ಕಂಡದ್ದನ್ನ ಹೊಡೀರಿ, ಅಲುಗಿದ್ದನ್ನ ಹೊಡೀಬ್ಯಾಡ್ರಿ. ಅಲುಗೂದು ಗಾಳಿಗೂ ಅಲುಗ್ತೈತಿ, ನಿಮ್ಮ ಬೀಗರಿಗೂ ಅಲುಗ್ತೈತಿ" ಎನ್ನುತ್ತಿದ್ದ. ಬದು ದಾಟುವ ಮುಂಚೆ ಇಬ್ಬರೂ ಕೇಪು ಕಿತ್ತು ಕಿವಿಯ ಹಿಂದೆ ಸಿಗಿಸಿಕೊಳ್ಳುತ್ತಿದ್ದರಂತೆ, ದಾಟಿದ ಮೇಲೆ ಮತ್ತೆ ಕೂರಿಸುವುದಂತೆ. ಆದರೆ ಆ ವರ್ಷದ ಗೋವಿನಜೋಳದಲ್ಲಿ ಕಾಣುವುದೇನು ಬಂತು? ಅದಕ್ಕೆ ನಮ್ಮ ಮನೆಯವರು ಇನ್ನೊಂದು ಕಟ್ಟು ಸೇರಿಸಿದರು. ಬೆಳೆಯೊಳಗೆ ಏನಾದರೂ ಸರಿದಾಡಿದರೆ "ಯಾರದು?" ಎಂದು ಎರಡು ಸಲ ಕೂಗುವುದು. ಉತ್ತರ ಬರದಿದ್ದರೆ ಮಾತ್ರ ಬಂದೂಕು ಎತ್ತುವುದು. ಮೂರನೆಯ ಸಲ ಕೂಗುವ ತನಕ ಹಂದಿ ನಿಲ್ಲುವುದಿಲ್ಲ ಎಂದು ಅವರ ಲೆಕ್ಕ.

ಹೊರಗಿನ ಕರೆಗೆ ಮೂರರ ತನಕ ಸುಮ್ಮನಿರುವ ನಮ್ಮ ಪದ್ಧತಿ ಅವರಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೆ ಅದು ಹೊಸ್ತಿಲಿನ ಮಾತು, ಮನೆಯೊಳಗೆ ಕುಳಿತವರ ಮಾತು ಎಂದುಕೊಂಡಿದ್ದರು. ಹೊಲದವರೆಗೂ ಅದು ನಡೆದು ಬರುತ್ತದೆಂದು ಯಾರಿಗೂ ಹೊಳೆದಿರಲಿಲ್ಲ. ಮಗನದು ಎರಡು ಕರೆಯ ಕಟ್ಟು, ತಾಯಿಯದು ಮೂರು ಕರೆಯ ಕಟ್ಟು. ಎರಡೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದವು, ಒಂದಕ್ಕೊಂದರ ಗುರುತಿರಲಿಲ್ಲ.

ಅತ್ತೆಗಂತೂ ಅದು ಬರೀ ಪದ್ಧತಿಯಲ್ಲ. ಮಾವನವರು ಒಂದು ಸಂಜೆ ಉಣ್ಣುತ್ತ ಕುಳಿತಾಗ ಹೊರಗೆ ಯಾರೋ ಅವರ ಹೆಸರು ಹಿಡಿದು ಕರೆದಂತಾಯಿತಂತೆ. ಮೊದಲ ಕರೆಗೇ ಓ ಎಂದು ಎದ್ದು ಹೋದರಂತೆ. ಹೊರಗೆ ಯಾರೂ ಇರಲಿಲ್ಲವಂತೆ. ಆ ವಾರವೇ ಚಳಿಜ್ವರ ಬಂದು ತೀರಿಕೊಂಡರು. ಅತ್ತೆಗೆ ಜ್ವರದ ಮೇಲೆ ಸಿಟ್ಟಿರಲಿಲ್ಲ, ಆ ಓ ಎಂಬುದರ ಮೇಲೆ ಇತ್ತು.

ಆ ದಿನ ಎಲ್ಲಪ್ಪ ತಂಗಿಯ ಊರಿಗೆ ಹೋಗಿದ್ದ. ಮಳೆ ಹೊಯ್ದು ನಿಂತಿತ್ತು, ಮೋಡದ ಕೆಳಗೆ ಹೊತ್ತು ಮುಂಚೆಯೇ ಮಬ್ಬಾಗಿತ್ತು. ಮನೆಯವರು ಕೇಪು ಇಸಿದುಕೊಂಡು ಒಬ್ಬರೇ ಹೋದರು. ಅವರು ಹೋದ ಮೇಲೆ ಎಮ್ಮೆಯ ಕರು ಹಗ್ಗ ಬಿಚ್ಚಿಕೊಂಡು ಹೋದದ್ದು ಅತ್ತೆಗೆ ಕಂಡಿತು. ನನಗೆ ಹೇಳಲಿಲ್ಲ, ಹಿತ್ತಲಿನಿಂದಲೇ ಅದರ ಹಿಂದೆ ಹೊರಟರು. ಅವರ ಮೈಮೇಲೆ ಕಪ್ಪು ಸೀರೆ. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ.

ಹೊಲದೊಳಗೆ ಆದದ್ದನ್ನು ಆಮೇಲೆ ಇಬ್ಬರ ಬಾಯಿಂದಲೂ ಕೇಳಿದ್ದೇನೆ. ಕರು ನಡುಹೊಲದಲ್ಲಿ ಹಾಲುತೆನೆ ಮೇಯುತ್ತಿತ್ತು. ಅತ್ತೆ ಬಗ್ಗಿ ಹಗ್ಗ ಹಿಡಿದು ಎಳೆದರು, ಅದು ಕಾಲೂರಿ ನಿಂತಿತು. ದಂಟು ಮುರಿಯುವ ಸಪ್ಪಳ ಮಗನಿಗೆ ಕೇಳಿಸಿತು. "ಯಾರದು?" ಎಂದು ಕೂಗಿದರು. ಮಗನ ದನಿ ಎಂದು ತಾಯಿಗೆ ಗೊತ್ತಾಯಿತು. ಗೊತ್ತಾದದ್ದಕ್ಕೇ ಹೆಚ್ಚು ಹೆದರಿಕೆ. ನಮ್ಮವರದೇ ದನಿಯಲ್ಲಿ ಕರೆಯುತ್ತದೆ ಎಂದು ಜೀವಮಾನವೆಲ್ಲ ಊರಿಗೆ ಹೇಳಿದವರು ಅವರು. ಸುಮ್ಮನೆ ನಿಂತರು. ಎರಡನೆಯ ಸಲ, ಇನ್ನಷ್ಟು ಜೋರಾಗಿ, "ಯಾರದು?" ಎಂದು ಬಂತು. ಅತ್ತೆ ಕರುವಿನ ಕೊರಳು ಅಪ್ಪಿಕೊಂಡು ಕುಳಿತುಬಿಟ್ಟರು. ಅತ್ತ ಬಂದೂಕಿನ ಕುದುರೆ ಹಿಂದಕ್ಕೆ ಎಳೆದಾಗಿತ್ತು.

ಮೂರನೆಯ ಕರೆ ಬರಲಿಲ್ಲ. ಬರದಿದ್ದಾಗ, ಇದು ಖರೆಯಾಗಿಯೂ ದೆವ್ವವೇ ಎಂದು ಅತ್ತೆಗೆ ಖಾತ್ರಿಯಾಯಿತು. ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು, ಹೆದರಿದವರು ಹೇಗೆ ಹೇಳುತ್ತಾರೋ ಹಾಗೆ, ಗಟ್ಟಿಯಾಗಿ, "ಓಂ ನಮಃ ಶಿವಾಯ, ಓಂ ನಮಃ ಶಿವಾಯ" ಎನ್ನತೊಡಗಿದರು.

ಗೋವಿನಜೋಳದ ನಡುವಿನಿಂದ ಶಿವನಾಮ ಬಂತು. ನಮ್ಮ ಮನೆಯವರ ಬೆರಳು ಆಗಲೇ ಒತ್ತತೊಡಗಿತ್ತು. ನಳಿಗೆಯನ್ನು ಮೇಲಕ್ಕೆ ಎಸೆದಂತೆ ಎತ್ತಿದರು. ಬಂದೂಕು ಹಾರಿತು.

ಒಳಗೆ ನನಗೆ ಆ ಸಪ್ಪಳ ಕೇಳಿದಾಗ ಮೊದಲು ಏನೂ ಅನ್ನಿಸಲಿಲ್ಲ. ದಿನವೂ ಕೇಳುವುದೇ. ಆದರೆ ಅದರ ಬೆನ್ನಿಗೇ "ಅವ್ವಾ!" ಎಂದು ಇವರು ಕಿರಿಚಿದ್ದು ಕೇಳಿತು. ದೊಡ್ಡ ಗಂಡಸು ಹಾಗೆ ಕಿರಿಚಿದ್ದನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ, ಆಮೇಲೆಯೂ ಕೇಳಿಲ್ಲ. ಹಂಚಿನ ಮೇಲಿನ ರೊಟ್ಟಿ ಹಂಚಿನ ಮೇಲೆಯೇ. ಹಿಟ್ಟಿನ ಕೈಯಲ್ಲೇ ಓಡಿದೆ. ಕೆಸರಲ್ಲಿ ಬಿದ್ದೆ, ಎದ್ದೆ. ಶಿವನೇ, ಈ ಮನೆಯಲ್ಲಿ ತಾಯಿಯನ್ನು ಉಳಿಸು, ತಾಯಿ ಉಳಿದರೆ ಮಗನೂ ಉಳಿಯುತ್ತಾನೆ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ.

ಬದುವಿನ ಮೇಲೆ ಅತ್ತೆ ಕುಳಿತಿದ್ದರು. ತಲೆಯ ತುಂಬ ಚೂರಾದ ಎಲೆ, ಜೋಳದ ತುದಿಯ ಸೂಲಂಗಿಯ ಹುಡಿ. ಛರ್ರಾ ಅವರ ನೆತ್ತಿಯ ಮೇಲಿನ ದಂಟುಗಳನ್ನು ಕತ್ತರಿಸಿಕೊಂಡು ಹೋಗಿತ್ತು. ಮೈಗೆ ಒಂದು ಗೀರೂ ಇರಲಿಲ್ಲ. ಕೈಯಲ್ಲಿ ಕರುವಿನ ಹಗ್ಗ ಹಾಗೇ ಇತ್ತು. ಇವರು ತಾಯಿಯ ತೊಡೆಯ ಮೇಲೆ ತಲೆ ಇಟ್ಟು ನಡುಗುತ್ತಿದ್ದರು. ಅತ್ತೆ ಒಂದು ಕೈಯಿಂದ ಮಗನ ಬೆನ್ನು ಸವರುತ್ತ ಬಾಯಿ ತುಂಬ ಬೈಯುತ್ತಿದ್ದರು.

"ಏ ಭಾಡ್ಯಾ! ಮೂರನೇ ಸಲ ಕರಿಯಾಕ ನಿನ್ನ ಬಾಯಾಗ ಏನ್ ಮಣ್ಣ ಬಿದ್ದಿತ್ತು?"

"ನೀ ಎರಡ ಸಲ ಯಾಕ ಸುಮ್ನಿದ್ದಿ ಅವಾ? ನನ್ನ ದನಿ ತಿಳಿಲಿಲ್ಲೇನ?"

"ತಿಳದಿತ್ತು. ತಿಳದಿತ್ತಂತs ಸುಮ್ನಿದ್ನಿ. ನಿಮ್ಮಪ್ಪ ತಿಳದ ದನಿಗೆ ಓ ಅಂದಾಂವ, ಎಲ್ಲಿಗೆ ಹ್ವಾದ?"

ಬಂದೂಕು ನೀರು ನಿಂತ ಸಾಲಿನಲ್ಲಿ ಬಿದ್ದಿತ್ತು. ಅದನ್ನು ಎತ್ತಿ ತಂದವಳು ನಾನು. ಅದರ ಬಾಯಿಯ ಸುಟ್ಟ ವಾಸನೆ ನನ್ನ ಸೆರಗಿಗೆ ಹತ್ತಿಕೊಂಡು ಎಷ್ಟೋ ದಿನ ಇತ್ತು.

ಆಮೇಲಿನ ದಿನಗಳಲ್ಲಿ ಇವರು ರೊಟ್ಟಿ ಮುರಿದು ಹಾಗೇ ಬಿಡುತ್ತಿದ್ದರು. ತಾಯಿಯ ಮುಖ ನೋಡುತ್ತಿರಲಿಲ್ಲ. ಬಂದೂಕು ಹೋಗಲಿ, ಸಂಜೆಯಾದರೆ ಹೊಲಕ್ಕೇ ಕಾಲಿಡಲೊಲ್ಲರು. ಯಾರನ್ನೂ ಹೆಸರು ಹಿಡಿದು ಕರೆಯುವುದನ್ನೂ ಬಿಟ್ಟರು. ಎತ್ತನ್ನು ಸಹ ಕರೆಯುತ್ತಿರಲಿಲ್ಲ, ಹೋಗಿ ಮುಟ್ಟಿ ಎಬ್ಬಿಸುತ್ತಿದ್ದರು. ಹಂದಿಗಳು ಬಂದು ದಿನಕ್ಕೊಂದು ಪಟ್ಟಿ ಮುರಿದು ಹಾಕಿದವು. ಊರಿಂದ ಮರಳಿದ ಎಲ್ಲಪ್ಪ ಬಾಗಿಲಿಗೆ ಬಂದು ಕರೆದರೆ, "ಕಚೇರಿಗೆ ಹೋಗಿ ಬಂದೂಕ ಒಪ್ಪಿಸಿ ಬರ್ತೇನಿ. ನಾ ಇನ್ನ ಅದನ್ನ ಮುಟ್ಟೂದಿಲ್ಲ" ಎಂದುಬಿಟ್ಟರು.

ಬಂದೂಕು ಹೋದರೆ ಅತ್ತೆಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಒಂದು ಮುಂಜಾನೆ ಪೂಜೆ ಮಾಡುತ್ತ ಕುಳಿತವರು ವಿಭೂತಿ ಹಚ್ಚಿದ ಕೈಯನ್ನು ಹಾಗೇ ಹಣೆಯ ಮೇಲಿಟ್ಟುಕೊಂಡರು. ಆಮೇಲೆ ನನ್ನನ್ನು ಕರೆದರು.

"ಗೌರವ್ವ, ಅಂವ ಯಾಕ ಬಂದೂಕ ಮ್ಯಾಲೆತ್ತಿದ?"

"ನೀವು ಶಿವನ ಹೆಸರು ತಗೊಂಡ್ರಿ ಅಂತ, ಅತ್ತಿ."

"ಹೌದಿಲ್ಲ? ಹಂದಿ ಶಿವಾಯ ಅನ್ನೂದಿಲ್ಲ ಅಂತ ಅಂವಗ ತಿಳೀತು. ದೆವ್ವಾನೂ ಅನ್ನೂದಿಲ್ಲ. ದೆವ್ವದ ಬಾಯಾಗ ಶಿವನ ಹೆಸರು ಬಂದ್ರ ಅದರ ನಾಲಿಗಿ ಸುಟ್ಟ ಹೊಕ್ಕೈತಿ. ಮತ್ತ ಕರಿಯಾಂವ ಆ ಹೆಸರಿಲೆ ಕರದ್ರ, ಮೊದಲನೇ ಕರಿಗೆ ಓ ಅನ್ನಾಕ ನನಗ ಎದರ ಹೆದರಿಕಿ?"

ಅವರೇ ಎದ್ದರು. ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ ಮಗನನ್ನು ತಟ್ಟಿ ಎಬ್ಬಿಸಿದರು. "ಬಂದೂಕ ಬಿಡೂದಾದ್ರ ಬಿಡು, ಹೊಲಾ ಬಿಡಬ್ಯಾಡ. ಬಾ."

ಸೋಮವಾರ, ಮಳೆ ತೊಳೆದ ಬಿಸಿಲು. ಬಂದೂಕಿಲ್ಲದೆ, ಬರಿಗೈಯಲ್ಲಿ ಮಗನನ್ನು ಬದುವಿನ ಮೇಲೆ ನಿಲ್ಲಿಸಿ ಅತ್ತೆ ಗೋವಿನಜೋಳದೊಳಗೆ ಹೊಕ್ಕರು. ಒಳಗಿಂದಲೇ ಅಪ್ಪಣೆಯಾಯಿತು: "ಕೂಗು! ಹರಹರ ಅನ್ನು!"

ಇವರ ಬಾಯಿಂದ ದನಿ ಬರಲಿಲ್ಲ. ತುಟಿ ಅಲುಗಿತು ಅಷ್ಟೇ.

"ಈರಾ, ಇಲ್ಲಿ ಇರಿವಿ ಕಡ್ಯಾಕತ್ತಾವು. ಜಲ್ದಿ ಕೂಗೋ!"

"ಹರಹರ," ಅಂದರು.

"ಮಹಾದೇವ!" ಎಂದು ಬೆಳೆಯೊಳಗಿಂದ ಬಂತು. "ಎಲ್ಲದೇನಿ ಹೇಳು? ಕೈ ಮಾಡಿ ತೋರಸು."

ಇವರು ಕೈ ಮಾಡಿದರು. ನಾನು ದಂಡೆಯಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದೆ. ದಂಟು ಸರಿಸಿ ಅತ್ತೆ ಎದ್ದು ನೋಡಿದರೆ ಇವರು ತೋರಿಸಿದ ದಿಕ್ಕು ಬೇರೆ. "ತಪ್ಪಿದಿ! ಕಿವಿಯಾಗ ಏನ್ ಹತ್ತಿ ಇಟ್ಕೊಂಡಿ?" ಎಂದು ಮತ್ತೆ ಮುಳುಗಿದರು. ಬೇರೆ ಜಾಗಕ್ಕೆ ಹೋದರು. ಮತ್ತೆ ಹರಹರ, ಮತ್ತೆ ಮಹಾದೇವ. ತಲೆ ನರೆತ ಹೆಂಗಸು ಹೊಲವೆಲ್ಲ ಓಡಾಡಿ ಅಡಗಿ ಕುಳಿತುಕೊಳ್ಳುವುದು, ಮೀಸೆ ಹೊತ್ತ ಮಗ ಹುಡುಕಿ ಬೆರಳು ತೋರಿಸುವುದು. ಕಡೆಗೊಮ್ಮೆ ಅತ್ತೆ ಮಹಾದೇವ ಎನ್ನುವಾಗ ಸೂಲಂಗಿಯ ಹುಡಿ ಮೂಗಿಗೆ ಹೋಗಿ ಸೀನಿದರು, ಬೆನ್ನಿಗೆ ಇನ್ನೊಂದು ಸೀನು. "ಸೀನಿನ ಮ್ಯಾಲೆ ಗುಂಡ ಹಾಕ್ಲೇನವಾ?" ಎಂದು ಇವರು ಕೇಳಿ, ನಕ್ಕರು. ಎಷ್ಟೋ ದಿನದ ಮೇಲೆ ನಕ್ಕರು. ಆ ನಗೆ ಕೇಳಿ ಒಳಗಿದ್ದ ಅತ್ತೆ ಸದ್ದಿಲ್ಲದೆ ಅತ್ತದ್ದು ನನಗೆ ಅವರು ಹೊರಗೆ ಬಂದ ಮೇಲೆ ಕಣ್ಣು ನೋಡಿ ತಿಳಿಯಿತು.

ಅಂದಿನಿಂದ ಅದೇ ಕಟ್ಟಾಯಿತು. ಬಂದೂಕು ಒಪ್ಪಿಸುವ ಮಾತೂ ನಿಂತಿತು. ಹೊತ್ತು ಇಳಿಯುತ್ತಲೇ ಇವರು ಬದುವಿನ ಮೇಲೆ ನಿಂತು ಹರಹರ ಎನ್ನುವುದು. ಹೊಲದಲ್ಲಿ, ಹಳ್ಳದಲ್ಲಿ, ಬಾಜೂ ಪಟ್ಟಿಯಲ್ಲಿ ಇದ್ದವರೆಲ್ಲ ಇದ್ದಲ್ಲಿಂದಲೇ ಮಹಾದೇವ ಎನ್ನುವುದು. ಯಾರು ಎಲ್ಲಿದ್ದಾರೆಂದು ಕಿವಿಗೆ ಕಾಣಬೇಕು. ಒಂದು ಮನೆಯ ದನಿ ಕಡಿಮೆಯಾದರೂ ಅವತ್ತು ಮೊಳೆಯ ಮೇಲೆ ಕೇಪು ಏರುವಂತಿಲ್ಲ. ಕೂಗಿಗೆ ಓಗೊಟ್ಟವರು ಅಲ್ಲಿಂದ ಕದಲುವುದಾದರೆ ಮತ್ತೊಮ್ಮೆ ಮಹಾದೇವ ಎಂದು ಹೇಳಿಯೇ ಕದಲಬೇಕು. ಇಷ್ಟಾದ ಮೇಲೂ ಎಲ್ಲಪ್ಪನ ಮಾತು ಇದ್ದೇ ಇತ್ತು: ಕಂಡದ್ದಕ್ಕೆ ಮಾತ್ರ ಗುಂಡು. ಬೇಡರ ಓಣಿಯವರಿಗೂ ಇದು ಹಿಡಿಸಿತು. ಅವರ ಬೇಟೆಯಲ್ಲೂ ಇದೇ ನಡೆಯಿತು.

ಊಟ ಒಯ್ಯುವವಳು ನಾನಾದ್ದರಿಂದ ನಾನೂ ಓಗೊಡಬೇಕಾಯಿತು. ಮೊದಲ ದಿನ ಹಿತ್ತಲ ಬಾಗಿಲಲ್ಲಿ ನಿಂತೆ. ಹೊಲದಿಂದ ಅವರ ಹರಹರ ಬಂತು. ಪಕ್ಕದಲ್ಲಿ ಅತ್ತೆ. ಗಂಡನಿಗೆ ಅತ್ತೆಯ ಎದುರಿಗೆ ಒದರಿ ಉತ್ತರ ಕೊಡುವುದೆಂದರೇನು! ಸೆರಗು ಬಾಯಿಗಿಟ್ಟು, "ಮಹಾದೇವ" ಅಂದೆ.

"ಇರಿವಿ ದನೀಲೆ ಅಂದ್ರ ಹಂದಿಗೂ ಕೇಳೂದಿಲ್ಲ, ನಿನ್ನ ಗಂಡಗೂ ಕೇಳೂದಿಲ್ಲ," ಅಂದರು ಅತ್ತೆ. "ಸೆರಗ ತಗಿ. ಎದಿ ತುಂಬಿ ಒದರು. ನಾಚಿದ್ರ ಜೀವ ಹೊಕ್ಕಾವು."

ಎದೆ ತುಂಬಿ ಒದರಿದೆ. ನನ್ನ ದನಿ ಅಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ. ತೊಟ್ಟಿಲ ಕೂಸು ಎಚ್ಚತ್ತಿತು. ಅತ್ತ ಹೊಲದಿಂದ ಮತ್ತೊಮ್ಮೆ, ಬೇಕಿಲ್ಲದಿದ್ದರೂ, "ಹರಹರ" ಎಂದು ಬಂತು. ನಾನು ಮತ್ತೆ ಮಹಾದೇವ ಅಂದೆ. ದಿನವೂ ಅದೇ ಆಯಿತು.

"ಊರ ಮಂದಿಗೆಲ್ಲ ಒಂದ ಹರಹರ, ಹೆಂಡ್ತಿಗೆ ಎರಡು," ಎಂದು ಅತ್ತೆ ಎಲೆಯಡಿಕೆ ಮಡಚುತ್ತ ಗೋಡೆಗೆ ಹೇಳಿದರು. ಗೋಡೆಯ ಕಡೆ ಮುಖ ಇದ್ದದ್ದು ನಗೆ ಮುಚ್ಚಿಕೊಳ್ಳಲು.

ಆ ಹಂಗಾಮಿನಲ್ಲಿ ನಮ್ಮ ಬಂದೂಕು ಹಾರಿದ್ದೇ ಅಪರೂಪ. ಸಂಜೆಯಾದರೆ ಹೊಲಹೊಲದಿಂದ ಏಳುವ ಕೂಗಿಗೆ ಹಂದಿಗಳು ಹಳ್ಳದ ಆಚೆಯೇ ನಿಂತು, ಬೇರೆ ದಾರಿ ಹಿಡಿದವು. ಎಲ್ಲಪ್ಪ ಬಂದು ತಲೆ ಕೆರೆದುಕೊಂಡ. "ಅವ್ವಾರ, ನಿಮ್ಮ ಶಿವನಾಮ ಕೇಳಿ ಹಂದಿ ಎಲ್ಲಾ ಲಿಂಗ ಕಟಗೊಂಡ್ವು ಕಾಣಸ್ತೈತ್ರಿ. ನಮ್ಮ ಓಣ್ಯಾಗ ಬರೇ ಪುಂಡಿಪಲ್ಯೆ ಆಗೇತಿ."

"ಚಲೋ ಆತು ಬಿಡೋ. ನಿಂದೂ ಪಾಪ ಉಳೀತು, ನಂದೂ ಉಳೀತು," ಎಂದು ಅತ್ತೆ ಅವನ ಮನೆಗೆ ಒಂದು ಮೊರ ತೆನೆ ಕೊಟ್ಟು ಕಳಿಸಿದರು.

ಬೆಳೆ ಅರ್ಧಕ್ಕಿಂತ ಹೆಚ್ಚು ಮನೆಗೆ ಬಂತು. ಉಳಿದದ್ದು ಹೋಯಿತೆಂದು ನಾವು ಯಾರೂ ಅನ್ನಲಿಲ್ಲ. ತೆನೆ ಸುಲಿಯುತ್ತ ಕುಳಿತ ಅತ್ತೆಯನ್ನು ನೋಡಿದಾಗಲೆಲ್ಲ, ಈ ತಲೆಯ ಮೇಲೆ ಬಿದ್ದದ್ದು ಎಲೆಯ ಚೂರಷ್ಟೇ ಅಲ್ಲವೇ ಶಿವನೇ ಎಂದುಕೊಳ್ಳುತ್ತಿದ್ದೆ. ಗೋವಿನಜೋಳ ಕೊಯ್ದ ಮೇಲೆ ಹೊಲ ಬಯಲಾಯಿತು. ನಿಂತಲ್ಲಿಂದಲೇ ಎಲ್ಲರೂ ಕಾಣುತ್ತಿದ್ದರು. ಕೂಗಬೇಕಾದ ಕಾರಣ ಉಳಿಯಲಿಲ್ಲ. ಬಂದೂಕು ಗೂಟ ಏರಿತು, ಕೇಪಿನ ಡಬ್ಬಿ ಟ್ರಂಕು ಸೇರಿತು. ನಾನು ಮತ್ತೆ ಬೆಕ್ಕಿನ ಜೊತೆ ಮಾತಾಡುವ ಸೊಸೆಯಾದೆ. ಬಯಲಾದ ಆ ಹೊಲ ನೋಡಿ ಅಳು ಬಂದದ್ದು ನನಗೊಬ್ಬಳಿಗೇ ಇರಬೇಕು.

ಮುಂದೆ ಯುದ್ಧ ಬಂತು, ಕೇಪು ಸಿಗುವುದು ನಿಂತಿತು, ಬಂದೂಕು ಕಚೇರಿಗೆ ಹೋಯಿತು. ಅತ್ತೆ ಒಂದು ಶ್ರಾವಣದಲ್ಲಿ ಪೂಜೆಗೆ ಕುಳಿತಲ್ಲೇ ಲಿಂಗೈಕ್ಯರಾದರು. ಅವರ ಹಿಂದೆಯೇ ಇವರಿಗೆ ವಿಷಮಜ್ವರ. ಜ್ವರದ ಅಮಲಿನಲ್ಲಿ ಇವರು ಆ ಹೊಲದಲ್ಲೇ ಇದ್ದರು. ಮಲಗಿದಲ್ಲಿಂದ ಸಣ್ಣ ದನಿಯಲ್ಲಿ ಹರಹರ ಎನ್ನುವರು. ನಾನು ಎಲ್ಲಿದ್ದರೂ ಮಹಾದೇವ ಎನ್ನುವೆನು. ಅಂದ ಕೂಡಲೇ ಅವರ ಮುಖ ಸಡಿಲಾಗುವುದು. ಇವಳು ಇಲ್ಲಿದ್ದಾಳೆ, ಯಾರಿಗೂ ಏನೂ ಆಗಿಲ್ಲ ಎಂಬಂತೆ. ಒಂದು ಸಂಜೆ ಒಂದು ಹರಹರ ಬಂತು, ನಾನು ಓಗೊಟ್ಟೆ. ಎರಡನೆಯದಕ್ಕೆ ಕಾದೆ. ದಿನವೂ ನನಗೆಂದು ಇದ್ದ ಆ ಎರಡನೆಯದು ಬರಲಿಲ್ಲ.

ಅವರು ಹೋದದ್ದು ತಮ್ಮ ಹಾಸಿಗೆಯಲ್ಲಿ, ಯಾರ ಜೀವದ ಭಾರವನ್ನೂ ಎದೆಯ ಮೇಲೆ ಹೊರದೆ. ಅದನ್ನು ನಾನು ಎಲ್ಲ ಕರುಣೆಗಳಲ್ಲಿ ದೊಡ್ಡದೆಂದು ಎಣಿಸುತ್ತೇನೆ. ಎಣಿಸಿಯೂ, ದೀಪ ಹಚ್ಚುವ ಹೊತ್ತಿಗೆ ಕಿವಿ ಹೊರಗೆ ಹೋಗುತ್ತದೆ. ಮೂರು ಸಲ ಕರೆಯಬೇಕಿಲ್ಲ, ಒಂದೇ ಸಲ ಕರೆದರೂ ಸಾಕು ಎಂದು ಕಾಯುತ್ತದೆ.

ಕಾಶವ್ವನಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. ಅತ್ತೆಯ ಕಥೆ ಹೇಳಿದೆ, ಕೂಗುವ ಕಟ್ಟು ಹೇಳಿದೆ. "ನಿಮ್ಮ ಗುಡ್ಡದ ಕಡೆ ಬ್ಯಾಟಿ ಆಡೂ ಗಂಡಸರಿಗೆ ಹೇಳು. ಮುಂದಿನ ವಾರ ಸಂತ್ಯಾಗ ಯಮಕನಮರಡಿ ಗಾಡಿಯವ್ರು ಸಿಕ್ಕ್ರ ಅವರಿಗೂ ಹೇಳು. ಬರೇ ಯಾರದು ಅಂತ ಕರದ್ರ ನಮ್ಮ ಮಂದಿ ಓ ಅನ್ನೂದಿಲ್ಲ. ಶಿವನ ಹೆಸರಿಲೆ ಕರೀರಿ ಅನ್ನು. ಮತ್ತ ಕಣ್ಣಿಗೆ ಕಾಣೂತನಕ ಹೊಡಿಬ್ಯಾಡ್ರಿ ಅನ್ನು."

"ಹೇಳ್ತೇನ್ರಿ ಅಕ್ಕಾರ. ನಮ್ಮಾಂವನೂ ಹೋಗ್ತಾನ ಮತ್ತ ಹಂದಿ ಹಿಂದ," ಎಂದು ಅವಳು ಗಡಿಗೆ ತಲೆಗೇರಿಸಿದಳು. ಹೊತ್ತು ಇಳಿದಿತ್ತು. ಬೇಲಿಯ ತಿರುವಿನಲ್ಲಿ ಅವಳು ಮರೆಯಾದಳು. ನಾನು ಮೊರದ ಕಡೆ ಬಗ್ಗಿದೆ. ಆಗ ಬೇಲಿಯ ಆಚೆಯಿಂದ, ಬಾಯಿಪಾಠ ಸರಿಯಾಗಿದೆಯೇ ಎಂದು ನೋಡುವಂತೆ, ಕಾಶವ್ವನ ದನಿ ಕೇಳಿತು.

"ಹರಹರ!"

ಎಷ್ಟು ವರ್ಷವಾಗಿತ್ತು. ಸೆರಗು ಬಾಯಿಗೆ ಹೋಯಿತು, ತೆಗೆದೆ.

"ಮಹಾದೇವ!" ಎಂದು ಎದೆ ತುಂಬಿ ಒದರಿದೆ.

ಹಿತ್ತಲಿನಿಂದ ತಮ್ಮನ ಹೆಂಡತಿ ಓಡಿ ಬಂದಳು. "ಏನಾತ್ರಿ ಅಕ್ಕಾರ?"

"ಏನಿಲ್ಲವ್ವ. ಕಾಶವ್ವ ಹೊಂಟಳು," ಅಂದೆ.

ಒಂದು ಗಳಿಗೆ ಹಾಗೇ ಕುಳಿತೆ, ಕಿವಿಗೊಟ್ಟು. ಬೇಲಿಯ ಆಚೆ ಮತ್ತೇನೂ ಕೇಳಲಿಲ್ಲ. ಬೆರಳ ನಡುವೆ ಆಗಿನಿಂದ ಹಿಡಿದೇ ಇದ್ದ ಕಾಯಿಯನ್ನು ಒಡೆದೆ. ಎರಡು ಕಾಳು, ಎರಡೂ ಗಟ್ಟಿ. ಬೀಜದ ಬುಟ್ಟಿಗೆ ಹಾಕಿ, ಚೀಲದಿಂದ ಇನ್ನೊಂದು ಹಿಡಿ ಕಾಯಿ ತೆಗೆದುಕೊಂಡೆ.